ಪಾರಸಿಕ ದೊರೆಯ ಪತನ: ಕಾವ್ಯದಲ್ಲಿ, ಇತಿಹಾಸದಲ್ಲಿ

ಇಡಿಯಾಗಿ ಉಳಿದುಬಂದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಅತ್ಯಂತ ಪ್ರಾಚೀನವೆಂದು ವಿದ್ವಾಂಸರು ಎಣಿಸಿರುವುದು ಈಸ್ಕಿಲಸ್ ಮಹಾಕವಿಯ ‘ಪಾರಸಿಕರು’. ಕ್ರಿ.ಪೂ. 472ರಲ್ಲಿ ಅಥೆನ್ಸ್ ನಗರದ ಡಯೊನೈಸಸ್ ಉತ್ಸವದಲ್ಲಿ ಪ್ರದರ್ಶಿತವಾಗಿ ಪ್ರಥಮ ಬಹುಮಾನವನ್ನು ಪಡೆದ ಈ ಕೃತಿಯನ್ನು ಕನ್ನಡಕ್ಕೆ ತಂದುಕೊಟ್ಟವರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು. 1935ರಲ್ಲಿ ಹೊರಬಂದ ಅವರ ‘ಪಾರಸಿಕರು’ವಿಗೆ, ‘ಗದಾಯುದ್ಧ ನಾಟಕಂ’ ಮತ್ತು ‘ಅಶ್ವತ್ಥಾಮನ್’ ಕೃತಿಗಳಿಗೆ ದೊರೆತಷ್ಟು ಚರ್ಚೆಯ ಭಾಗ್ಯವು ದೊರೆತಂತೆ ತೋರದು. ದರ್ಪದಿಂದ ಮೆರೆದ ಅರಸನು ದೈವಕೋಪಕ್ಕೆ ತುತ್ತಾಗಿ ಹಾಳಾದ ಕಥೆಯೆಂದು ಹೇಳಿ ಇದನ್ನು ಬದಿಗಿಡುವುದು ವಾಡಿಕೆ. ಆ ಅರಸನು ನಿಜವಾಗಿ ಹಾಳಾದನೆ, ಹಾಗಲ್ಲದಿದ್ದರೆ ನಾಟಕದ ಸತ್ಯವು ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಗ್ರೀಕರು ಕ್ಸರ್ಕ್ಸೀಸ್ ಎಂದು ಕರೆದ ಈ ದೊರೆಯ ಪಾರಸಿಕ ನಾಮವು ಖ್ಷಯಾರ್ಷಾ. ತಂದೆ ಡೇರಿಯಸ್, ತಾಯಿ ಅಟೋಸಾ, ಸಾಮ್ರಾಜ್ಯಸ್ಥಾಪಕನಾದ ಸೈರಸನ ಮಗಳು. ಇವನು ಜ್ಯೇಷ್ಠಪುತ್ರನಲ್ಲ. ತಂದೆಗೆ ಬೇರೆ ಮಕ್ಕಳಿದ್ದರೂ ಅಹುರಮಜ್ದನ ಇಚ್ಛೆಯಂತೆ ತನಗೇ ಪಟ್ಟವಾಯಿತೆಂದು ಪರ್ಸೆಪೊಲಿಸ್ಸಿನ ಶಾಸನವೊಂದರಲ್ಲಿ ಅವನೇ ಹೇಳಿಕೊಂಡಿದ್ದಾನೆ. ಕ್ರಿ.ಪೂ. 486ರಲ್ಲಿ ಸಿಂಹಾಸನವನ್ನೇರಿದ ಅವನು ಈಜಿಪ್ಟಿನ ದಂಗೆಯನ್ನೂ ಬ್ಯಾಬಿಲೋನಿನ ದಂಗೆಗಳನ್ನೂ ಅಡಗಿಸಿ, ಅನಂತರ ಗ್ರೀಸಿನತ್ತ ತಿರುಗಿದನು. ಆಥೋಸ್ ಭೂಶಿರದ ಬಳಿ ಕಾಲುವೆಯನ್ನು ತೋಡಿಸಿ, ಹೆಲೆಸ್ಪಾಂಟ್ ಜಲಸಂಧಿಗೆ ದೋಣಿಗಳ ಸೇತುವೆಯನ್ನು ಕಟ್ಟಿಸಿ, ಕ್ರಿ.ಪೂ. 480ರಲ್ಲಿ ಯೂರೋಪಿಗೆ ದಾಟಿದನು. ನಮ್ಮ ಸಿಂಧೂಪ್ರಾಂತದ ಬಿಲ್ಲುಗಾರರೂ ಹತ್ತಿಯ ಉಡುಪನ್ನುಟ್ಟು ಆ ಸೇನೆಯಲ್ಲಿದ್ದರೆಂದು ಹೆರೊಡೊಟಸನು ಬರೆದಿದ್ದಾನೆ. ಥರ್ಮಾಪಿಲೆಯ ಕಣಿವೆ ಮುರಿಯಿತು; ಅಥೆನ್ಸ್ ಉರಿಯಿತು; ಆದರೆ ಸಲಮಿಸ್ ಕೊಲ್ಲಿಯಲ್ಲಿ ಪಾರಸಿಕ ನೌಕಾಬಲವು ನುಚ್ಚುನೂರಾಯಿತು. ಮರುವರ್ಷ ಪ್ಲಾಟಿಯದಲ್ಲಿ ಸೇನಾಪತಿ ಮಾರ್ಡೋನಿಯಸನು ಮಡಿದನು.

ಈಸ್ಕಿಲಸನು ಆರಿಸಿಕೊಂಡ ರಂಗಸ್ಥಳವು ಅಥೆನ್ಸ್ ಅಲ್ಲ, ಪಾರಸಿಕರ ರಾಜಧಾನಿಯಾದ ಸೂಸಾ. ವೃದ್ಧಮಂತ್ರಿಗಳ ಮೇಳವು ಸುದ್ದಿಗಾಗಿ ಕಾದಿದೆ, ರಾಜಮಾತೆಗೆ ದುಸ್ಸ್ವಪ್ನವಾಗಿದೆ. ದೂತನು ಬಂದು ಸೋಲನ್ನು ಬಣ್ಣಿಸುತ್ತಾನೆ. ಸಮಾಧಿಯಿಂದೆದ್ದ ಡೇರಿಯಸನ ಪ್ರೇತವು, ಸಮುದ್ರಕ್ಕೆ ಸಂಕೋಲೆ ತೊಡಿಸಹೊರಟ ಮಗನನ್ನು ಹಳಿಯುತ್ತದೆ. ಕಡೆಗೆ ಹರಿದ ಬಟ್ಟೆಯಲ್ಲಿ, ಬರಿದಾದ ಬತ್ತಳಿಕೆಯೊಡನೆ ಕ್ಸರ್ಕ್ಸೀಸನು ಪ್ರವೇಶಿಸುತ್ತಾನೆ. ರೋದನದಲ್ಲಿ ನಾಟಕವು ಮುಗಿಯುತ್ತದೆ.

ಇತಿಹಾಸದ ಸಾಕ್ಷ್ಯವು ಬೇರೆ. ಈ ನಾಟಕವು ಪ್ರದರ್ಶಿತವಾದ ದಿನ ಕ್ಸರ್ಕ್ಸೀಸನು ಬದುಕಿದ್ದನು; ಬದುಕಿದ್ದುದಷ್ಟೇ ಅಲ್ಲ, ಆಳುತ್ತಿದ್ದನು. ಏಜಿಯನ್ ಸಮುದ್ರದ ಪ್ರಭುತ್ವವೂ ಅಯೋನಿಯದ ಗ್ರೀಕ್ ನಗರಗಳೂ ಕೈಬಿಟ್ಟದ್ದು ನಿಜವಾದರೂ, ಈಜಿಪ್ಟಿನಿಂದ ಸಿಂಧೂವಿನವರೆಗಿನ ರಾಜ್ಯವು ನಿಂತೇ ಇತ್ತು. ಲೆಕ್ಕದ ಪುಸ್ತಕಗಳ ನಡುವೆ ಹೊಟ್ಟೆಹೊರೆಯುವ ನನ್ನಂಥವನಿಗೆ ಇದಕ್ಕೆ ಅತ್ಯುತ್ತಮ ಪ್ರಮಾಣವಾಗಿ ಕಾಣುವುವು, ಪರ್ಸೆಪೊಲಿಸ್ಸಿನ ಬೊಕ್ಕಸದಲ್ಲಿ 1930ರ ದಶಕದಲ್ಲಿ ದೊರೆತು, 1948ರಲ್ಲಿ ಜಾರ್ಜ್ ಕ್ಯಾಮೆರಾನ್ ಅವರಿಂದ ಪ್ರಕಟವಾದ ಮಣ್ಣಿನ ಫಲಕಗಳು. ಏಲಾಮ್ ಭಾಷೆಯ ಈ ಫಲಕಗಳಲ್ಲಿ ಅರಮನೆ ಕಟ್ಟುತ್ತಿದ್ದ ಕೆಲಸಗಾರರಿಗೆ ಕುರಿ, ದ್ರಾಕ್ಷಾರಸಗಳಿಗೆ ಬದಲಾಗಿ ಸಲ್ಲಿಸಿದ ಬೆಳ್ಳಿಯ ಲೆಕ್ಕವಿದೆ. ಅನೇಕ ಫಲಕಗಳು ಕ್ಸರ್ಕ್ಸೀಸನ ಆಳಿಕೆಯ ಕೊನೆಯ ವರ್ಷಗಳವು. ದಿವಾಳಿಯೆದ್ದ ರಾಜ್ಯದಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೂಲಿ ಸಲ್ಲದು. ಅವನ ನಿಜವಾದ ಪತನವಾದದ್ದು ಸಲಮಿಸ್ಸಿಗೆ ಹದಿನೈದು ವರ್ಷಗಳ ತರುವಾಯ, ಕ್ರಿ.ಪೂ. 465ರಲ್ಲಿ. ಅದಕ್ಕೆ ಕಾರಣನು ಗ್ರೀಕನಲ್ಲ. ಅವನ ಅಂಗರಕ್ಷಕಪಡೆಯ ಮುಖ್ಯಸ್ಥನಾದ ಆರ್ಟಬಾನಸನೇ ಅವನನ್ನು ಕೊಂದನೆಂದು ಗ್ರೀಕ್ ಇತಿಹಾಸಕಾರರು ಹೇಳುತ್ತಾರೆ.

ತಂದೆಯ ವಿಷಯದಲ್ಲಿಯೂ ಕವಿಯು ಇತಿಹಾಸವನ್ನು ತಿದ್ದಿದ್ದಾನೆ. ನಾಟಕದ ಡೇರಿಯಸನು ಮಿತಿಯರಿತ ವಿವೇಕಿ. ಇತಿಹಾಸದ ಡೇರಿಯಸನಾದರೋ ತಾನೂ ಬಾಸ್ಪೊರಸ್ಸಿಗೆ ಸೇತುವೆ ಕಟ್ಟಿಸಿ ಸಿಥಿಯನರ ಮೇಲೆ ದಂಡೆತ್ತಿದವನು, ಕ್ರಿ.ಪೂ. 490ರಲ್ಲಿ ಮ್ಯಾರಥಾನಿಗೆ ಸೇನೆಯನ್ನು ಕಳುಹಿ ಸೋತವನು. ಇನ್ನೊಂದು ದಂಡಯಾತ್ರೆಯ ಸಿದ್ಧತೆಯಲ್ಲಿರುವಾಗಲೇ ತೀರಿಕೊಂಡವನು. ಈಸ್ಕಿಲಸನಿಗೆ ಇದು ತಿಳಿಯದ ವಿಷಯವಲ್ಲ. ಮ್ಯಾರಥಾನಿನಲ್ಲಿ ಅವನು ಸ್ವತಃ ಕಾದಿದ್ದನು. ಅವನ ಸೋದರನು ಅಲ್ಲಿಯೇ ಮಡಿದಿದ್ದನು. ಮಗನ ದುಡುಕು ಎದ್ದು ಕಾಣಲೆಂದು ತಂದೆಯನ್ನು ಬೇಕೆಂದೇ ಎತ್ತರಿಸಿದ್ದಾನೆ.

ಹಾಗಾದರೆ ನಾಟಕವು ಗೆದ್ದವರ ಬಡಾಯಿಯೆ? ಅದನ್ನು ನೋಡಿದ ಜನರ ಸ್ಥಿತಿಯನ್ನು ನೆನೆದರೆ ಈ ಸಂದೇಹವು ನಿಲ್ಲದು. ಎಂಟು ವರ್ಷಗಳ ಹಿಂದೆ ಆ ಜನರ ಊರನ್ನು ಕ್ಸರ್ಕ್ಸೀಸನು ಸುಟ್ಟಿದ್ದನು. ಅವರು ಕುಳಿತಿದ್ದ ರಂಗಭೂಮಿಯ ಮೇಲುಗಡೆ, ಅಕ್ರೊಪೊಲಿಸ್ ಗುಡ್ಡದ ಮೇಲೆ, ಅವನು ಕೆಡವಿದ ದೇವಾಲಯಗಳು ಇನ್ನೂ ಹಾಳುಬಿದ್ದಿದ್ದುವು. ಇಂದಿನ ಪಾರ್ಥೆನಾನಿನ ಕಟ್ಟಡ ತೊಡಗಿದ್ದು ಕ್ರಿ.ಪೂ. 447ರಲ್ಲಿ. ಇಂಥವರೆದುರಿಗೆ ಕವಿಯು ಒಬ್ಬನೇ ಒಬ್ಬ ಗ್ರೀಕ್ ವೀರನ ಹೆಸರನ್ನೂ ಎತ್ತಲಿಲ್ಲ. ಸತ್ತ ಪಾರಸಿಕರ ಹೆಸರುಗಳನ್ನೋ ಸಾಲುಸಾಲಾಗಿ ಹೇಳಿಸಿದನು. ಗಂಡಂದಿರಿಲ್ಲದ ಮನೆಗಳಲ್ಲಿ ಶತ್ರುಸ್ತ್ರೀಯರು ಸುರಿಸುವ ಕಣ್ಣೀರನ್ನು ಕೇಳಿಸಿದನು. ರಾಜಮಾತೆಯು ಮಗನ ಹರಿದ ಬಟ್ಟೆಯನ್ನು ಬದಲಿಸಲೆಂದು ಹೊಸ ಉಡುಪನ್ನು ತರಲು ಹೋಗುತ್ತಾಳೆ. ಮತ್ತೆ ರಂಗಕ್ಕೆ ಬರುವುದೇ ಇಲ್ಲ. ನಾಟಕದ ಮರ್ಮವನ್ನು ನಾನು ಕಾಣುವುದು ಇಲ್ಲಿ. ಪಟ್ಟವು ಉಳಿಯಬಹುದು, ಬೊಕ್ಕಸವು ತುಂಬಬಹುದು. ಸತ್ತವರ ಲೆಕ್ಕವನ್ನು ಮಾತ್ರ ಯಾವ ಅರಸನೂ ಸರಿದೂಗಿಸಲಾರನು. ಒಬ್ಬ ದೊರೆಯ ಪತನಕ್ಕಿಂತ ಒಂದು ಜನಾಂಗದ ವಿಯೋಗವೇ ಇದರ ವಸ್ತು. ಕವಿಯು ಕೃತಿಗೆ ‘ಕ್ಸರ್ಕ್ಸೀಸ್’ ಎನ್ನದೆ ‘ಪಾರಸಿಕರು’ ಎಂದು ಹೆಸರಿಟ್ಟದ್ದು ಸಾರ್ಥಕವಾಗಿದೆ.

ಗೆದ್ದವರ ಕವಿಯು ಸೋತವನಿಗಾಗಿ ಮರುಗುವ ಈ ರೀತಿ ಕನ್ನಡಿಗರಿಗೆ ಹೊಸದಲ್ಲ. ರನ್ನನು ‘ಸಾಹಸಭೀಮವಿಜಯ’ದಲ್ಲಿ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಆದರೂ ಓದುಗನ ಕಣ್ಣು ತೇವವಾಗುವುದು ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನಿಗಾಗಿ. ಅದೇ ಕಾವ್ಯವನ್ನು 1926ರಲ್ಲಿ ರುದ್ರನಾಟಕವಾಗಿ ರೂಪಿಸಿದ ಶ್ರೀಯವರು, ಒಂಬತ್ತು ವರ್ಷಗಳ ಮೇಲೆ ‘ಪಾರಸಿಕರು’ವನ್ನು ಹೊರತಂದುದು ಕಾಕತಾಳೀಯವಾಗಿರಲಾರದು. ಎರಡನ್ನೂ ಒಟ್ಟಿಗೆ ಓದಿದಾಗ ರನ್ನನ ಹೆಚ್ಚಳವೊಂದು ಗೋಚರಿಸುತ್ತದೆ. ದುರ್ಯೋಧನನು ಶತ್ರುಪುತ್ರನಾದ ಅಭಿಮನ್ಯುವಿನ ಶವದೆದುರು ನಿಂತು ಅವನ ಶೌರ್ಯವನ್ನು ಕೊಂಡಾಡಬಲ್ಲನು. ಸೋಲಿನಲ್ಲಿಯೂ ಅವನಿಗೊಂದು ವ್ಯಕ್ತಿತ್ವವಿದೆ. ಈಸ್ಕಿಲಸನ ಕ್ಸರ್ಕ್ಸೀಸನಿಗೆ ಅಳುವುದಲ್ಲದೆ ಬೇರೆ ಮಾತಿಲ್ಲ. ಕವಿಯು ಶತ್ರುವಿನ ಜನಕ್ಕೆ ಕೊಟ್ಟ ಘನತೆಯನ್ನು ಅವರ ದೊರೆಗೆ ಕೊಡಲಿಲ್ಲ. ಕೃತಿಯ ಮಿತಿಯಿರುವುದು ಇಲ್ಲಿ.

ಈ ಮಿತಿಯ ಫಲವನ್ನು ಕ್ಸರ್ಕ್ಸೀಸನು ಇಂದಿಗೂ ಉಣ್ಣುತ್ತಿದ್ದಾನೆ. ಪಾರಸಿಕರ ಮಹಾಕಾವ್ಯವಾದ ಫಿರ್ದೌಸಿಯ ‘ಶಾಹನಾಮೆ’ಯಲ್ಲಿ ದಾರಾ ಎಂಬ ಹೆಸರುಂಟು, ಖ್ಷಯಾರ್ಷಾ ಎಂಬ ಹೆಸರಿಲ್ಲ. ಸ್ವಜನರ ಕಾವ್ಯವು ಮರೆತ ಅರಸನು ಶತ್ರುವಿನ ಕಾವ್ಯದಲ್ಲಿ ಹರಿದ ಬಟ್ಟೆಯವನಾಗಿಯೇ ಚಿರಂಜೀವಿಯಾದನು. ಅವನ ಪರವಾಗಿ ಹೇಳಲು ಕಲ್ಲಿನ ಶಾಸನಗಳೂ ಮಣ್ಣಿನ ಲೆಕ್ಕಫಲಕಗಳೂ ಎರಡು ಸಾವಿರ ವರ್ಷಗಳಿಗೂ ಮಿಕ್ಕು ನೆಲದಡಿಯಲ್ಲಿ ಕಾಯಬೇಕಾಯಿತು. ‘ಪಾರಸಿಕರು’ವನ್ನು ಓದುವ ಕನ್ನಡಿಗನು ರಾಜಮಾತೆಯೊಡನೆ ಮರುಗಲಿ, ಅದು ಕವಿಗೆ ಸಲ್ಲುವ ಗೌರವ. ಆ ಫಲಕಗಳ ಮಾತಿಗೂ ಒಮ್ಮೆ ಕಿವಿಗೊಡಲಿ. ಅದು ಸೋತವನಿಗೆ ಸಲ್ಲಬೇಕಾದ ನ್ಯಾಯ.