ಗಿಡ್ಡ ಹಸುವೂ ಕೆಸರಿನಲ್ಲಿ ಭಾರವೇ

ಟೆಕ್ಸಾಸಿನ ಇರ್ವಿಂಗ್‌ನಲ್ಲಿ ನಾಲ್ಕು ಕನ್ನಡ ಸಂಸಾರಗಳು ಊಟಕ್ಕೆ ಸೇರಿದರೆ ವೀಸಾ, ಮನೆಸಾಲದ ಬಡ್ಡಿ ಮುಗಿದ ಮೇಲೆ ಮಾತು ಜಮೀನಿನ ಕಡೆ ಹೊರಳುತ್ತದೆ. ಎಲ್ಲಿಸ್ ಕೌಂಟಿಯಲ್ಲೋ ಕೌಫ್‌ಮನ್ ಕೌಂಟಿಯಲ್ಲೋ ಹತ್ತೆಕರೆ. ಹೊಳೆ ಬದಿಯ ತಗ್ಗಾದರೆ ಇನ್ನೂ ಅಗ್ಗ, ನೆರೆ ಬರುವ ಜಾಗದಲ್ಲಿ ಮನೆ ಕಟ್ಟುವುದು ಕಷ್ಟ ಅಂತ. ಅಲ್ಲಿ ಮಿನಿಯೇಚರ್ ಜೆಬು ಎಂಬ ಗಿಡ್ಡ ತಳಿಯ ನಾಲ್ಕು ದನ ಬಿಟ್ಟರಾಯಿತು. ನೋಡಲು ನಮ್ಮ ಮಲೆನಾಡು ಗಿಡ್ಡದ ಹಾಗೇ, ಮೈ ಹಗುರ, ಹೊಲ ಕೆಡುವುದಿಲ್ಲ, ಚಳಿಗಾಲವಿಡೀ ಅಲ್ಲೇ ಮೇಯ್ದುಕೊಂಡಿರುತ್ತವೆ, ತೆರಿಗೆಯೂ ಇಳಿಯುತ್ತದೆ. ಈ ಮಾತನ್ನು ಎಷ್ಟು ಜನ ಎಷ್ಟು ಸಲ ಹೇಳಿದ್ದಾರೆಂದರೆ, ಈಗ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಪ್ರಶ್ನಿಸಬೇಕಾದ ಮಾತು ಅದು.

ಮಲೆನಾಡು ಗಿಡ್ಡದ ಹೆಸರು ಸುಮ್ಮನೆ ಬಂದದ್ದಲ್ಲ. ಮೂರಡಿಯ ಆಸುಪಾಸಿನ ಎತ್ತರ, ನೂರು ಕೆಜಿಯ ಆಸುಪಾಸಿನ ತೂಕ, ಅಷ್ಟು ಮಳೆಯಲ್ಲೂ ಕುಗ್ಗದ ಜೀವ. ಆದರೆ ಅದು ಯಾವ ತಿಂಗಳಲ್ಲಿ ಎಲ್ಲಿ ಮೇಯುತ್ತಿತ್ತು ಎಂದು ಯಾರಾದರೂ ಕೇಳುತ್ತಾರೆಯೇ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ತಿಂಗಳುಗಳಲ್ಲಿ ಗದ್ದೆಯಲ್ಲಿ ನಾಟಿಯಾದ ಭತ್ತ. ದನ ಮೇಯುವುದು ಬೇಣದಲ್ಲಿ, ಗುಡ್ಡದಲ್ಲಿ, ಕಾಡಂಚಿನಲ್ಲಿ. ಅಂದರೆ ನೀರು ನಿಲ್ಲದ ಇಳಿಜಾರಿನಲ್ಲಿ. ತಪ್ಪಿ ಗದ್ದೆಗೆ ನುಗ್ಗಿದ ದನವನ್ನು ಕೊಂಡವಾಡಕ್ಕೆ ಹೊಡೆದು, ಯಜಮಾನನಿಂದ ದಂಡ ವಸೂಲಿ ಮಾಡುತ್ತಿದ್ದರು. ಬೇಲಿ ತೆಗೆದು ಬಯಲಿಗೆ ದನ ಬಿಡುವುದು ಕೊಯ್ಲಾದ ಮೇಲೆ. ಅಷ್ಟರಲ್ಲಿ ಮಳೆ ನಿಂತು ವಾರಗಳಾಗಿರುತ್ತವೆ, ಕೂಳೆಯ ನಡುವೆ ಮಣ್ಣು ಗಟ್ಟಿಯಾಗಿರುತ್ತದೆ. ಭತ್ತ ಉಳಿಸಲು ಮಾಡಿದ ಕಟ್ಟುಪಾಡು ಇದು, ಮಣ್ಣು ಉಳಿಸಲು ಅಲ್ಲ, ಒಪ್ಪುತ್ತೇನೆ. ಇನ್ನೂ ಒಂದು ಮಾತು: ಗದ್ದೆಯ ತಳಮಣ್ಣು ತುಳಿತಕ್ಕೆ ಗಟ್ಟಿಯಾದರೂ ನಷ್ಟವಿಲ್ಲ, ನೀರು ನಿಲ್ಲಿಸಿಕೊಳ್ಳಲು ಭತ್ತಕ್ಕೆ ಅದು ಬೇಕೇ ಬೇಕು. ಹುಲ್ಲುಗಾವಲಿಗೆ ಅದೇ ಮುಳುವು. ಹೀಗಾಗಿ ತಗ್ಗಿನ ಹೊಲದಲ್ಲಿ ಚಳಿಗಾಲ ಮೇಯ್ದೂ ಹೊಲ ಕೆಡಿಸದ ದನ ಎಂಬ ಕೀರ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮ ಒಣ ಚಳಿಗಾಲಕ್ಕೆ ಸೇರಬೇಕು.

ಉತ್ತರ ಟೆಕ್ಸಾಸಿನ ಚಳಿಗಾಲ ಹಾಗಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಒಂದೊಂದು ತಿಂಗಳು ಬೀಳುವ ಮಳೆ ದೊಡ್ಡದೇನೂ ಅಲ್ಲ, ಮೇ ತಿಂಗಳ ಮಳೆಯ ಮುಂದೆ ಅದು ಚಿಕ್ಕದೇ. ಆದರೆ ಬಿದ್ದ ನೀರು ಆರುವುದಿಲ್ಲ. ಬಿಸಿಲು ಮಂಕು, ಕಡುಚಳಿಗೆ ಬರ್ಮುಡಾ ಹುಲ್ಲು ಒಣಗಿ ಮಲಗಿರುವುದರಿಂದ ನೀರು ಹೀರುವ ಬೇರೂ ಇಲ್ಲ. ಟ್ರಿನಿಟಿ ನದಿಯ ಎಲ್ಮ್ ಫೋರ್ಕ್ ಇರ್ವಿಂಗ್‌ನ ಪೂರ್ವಕ್ಕೂ ವೆಸ್ಟ್ ಫೋರ್ಕ್ ದಕ್ಷಿಣಕ್ಕೂ ಹರಿಯುತ್ತವೆ. ಮೇಲೆ ಲೂಯಿಸ್‌ವಿಲ್, ಗ್ರೇಪ್‌ವೈನ್ ಜಲಾಶಯಗಳು. ಜೋರು ಮಳೆಯಾದರೆ ನೀರನ್ನು ಅಲ್ಲಿ ಹಿಡಿದಿಟ್ಟು ಆಮೇಲೆ ದಿನಗಟ್ಟಲೆ ನಿಧಾನವಾಗಿ ಬಿಡುತ್ತಾರೆ. 2015ರ ಮೇ ಮಳೆಯ ನಂತರ ಇದು ಬಹಳ ಕಾಲ ನಡೆಯಿತು. ನದಿ ತುಂಬಿ ಹರಿಯುವಷ್ಟು ದಿನ ಪಕ್ಕದ ತಗ್ಗಿನ ನೀರು ಇಳಿಯಲು ದಾರಿಯಿಲ್ಲ. ಆಕಾಶ ತಿಳಿಯಾಗಿದ್ದರೂ ಹೊಲ ಹಸಿ.

ಮಣ್ಣಾದರೂ ಎಂಥದ್ದು? ಇದು ಬ್ಲ್ಯಾಕ್‌ಲ್ಯಾಂಡ್ ಪ್ರೇರಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ, ಮಳೆಗೆ ಉಬ್ಬಿ ಅಂಟಾಗುವ ಕಪ್ಪು ಜೇಡಿ. ಧಾರವಾಡ, ಗದಗ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರ ಎರೆ ಹೊಲವೇ ಅದು. ಎರೆಯ ರೈತ ಮಳೆಯಾದ ಮರುದಿನ ಎತ್ತು ಇಳಿಸುವುದಿಲ್ಲ, ಹದ ಬರುವವರೆಗೆ ಬದುವಿನ ಮೇಲೆ ನಿಂತು ಕಾಯುತ್ತಾನೆ. ಹಸಿಯಲ್ಲಿ ತುಳಿದರೆ ಹೆಂಟೆ ಕಲ್ಲಾಗುತ್ತದೆಂದು ಅವನಿಗೆ ಗೊತ್ತು. ಇರ್ವಿಂಗ್‌ನ ನಮ್ಮ ಸ್ನೇಹಿತರು ದನದ ವಿಷಯಕ್ಕೆ ಮಲೆನಾಡಿನ ಮಾತು ನೆನೆಯುತ್ತಾರೆ, ಮಣ್ಣಿನ ವಿಷಯಕ್ಕೆ ಗದಗಿನ ಮಾತು ನೆನೆಯುವುದಿಲ್ಲ.

ಇನ್ನು 'ಹಗುರ' ಎಂಬ ವಾದ. ಚಿಕ್ಕ ದನದ ತೂಕ ಕಡಿಮೆ, ಗೊರಸೂ ಚಿಕ್ಕದು. ತೂಕ ಇಳಿದಷ್ಟು ನೆಲದ ಮೇಲಿನ ಒತ್ತಡ ಇಳಿಯುವುದಿಲ್ಲ. ಮೇವಿನ ಲೆಕ್ಕವೂ ಹಾಗೆಯೇ: ತೂಕ ಅರ್ಧವಾದರೆ ಹೊಟ್ಟೆ ಅರ್ಧವಾಗದು, ಸುಮಾರು ಶೇ. 60ರಷ್ಟು ಬೇಕು. ದೊಡ್ಡ ಹಸು ಒಂದರ ಜಾಗಕ್ಕೆ ಚಿಕ್ಕವು ಮೂರು ಬಂದರೆ ನಾಲ್ಕು ಗೊರಸಿದ್ದಲ್ಲಿ ಹನ್ನೆರಡು. ಅವು ದಿನವೂ ನೀರಿಗೆ, ಹುಲ್ಲಿನ ರಾಶಿಗೆ ಒಂದೇ ದಾರಿಯಲ್ಲಿ ಓಡಾಡುತ್ತವೆ. ಫೆಬ್ರವರಿಯ ಹೊತ್ತಿಗೆ ಗೇಟಿನ ಬಳಿ ಹುಲ್ಲಿಲ್ಲ, ಕೆಸರು ಗುಂಡಿ ಮಾತ್ರ. ಬರ್ಮುಡಾ ಚಿಗುರುವ ಹೊತ್ತಿಗೆ ಆ ಗುಂಡಿಗಳಲ್ಲಿ ಕಳೆ ಮೊದಲು ಮೊಳೆತಿರುತ್ತದೆ.

ಚಳಿಯ ಮಾತು ಇದಕ್ಕಿಂತ ಕಠಿಣ. ಚಳಿಗಾಲದ ದಟ್ಟ ಕೂದಲು ಒಣಗಿದ್ದರೆ ಸಾಮಾನ್ಯ ಮಾಂಸದ ತಳಿಯ ಹಸು ಸುಮಾರು ಮೈನಸ್ 8 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚು ಮೇವು ಕೇಳದೆ ತಡೆದುಕೊಳ್ಳುತ್ತದೆ. ಅದೇ ಕೂದಲು ನೆಂದರೆ 15 ಡಿಗ್ರಿಯಿಂದಲೇ ಅದು ಮೈಬಿಸಿಗಾಗಿ ಶಕ್ತಿ ಸುಡತೊಡಗುತ್ತದೆ. ತಗ್ಗಿನ ಹೊಲದಲ್ಲಿ ಮಲಗುವ ದನಕ್ಕೆ ಒಣ ಜಾಗವೆಲ್ಲಿ? ಜೆಬುವಿಗೆ ಕೂದಲೇ ಮೋಟು, ಸೆಕೆಗೆಂದೇ ಆದ ಮೈ. ಗಾತ್ರ ಕಿರಿದಾದಷ್ಟೂ ಶಾಖ ಬೇಗ ಸೋರುತ್ತದೆ. 2021ರ ಫೆಬ್ರವರಿ 16ರಂದು ಡಲ್ಲಾಸ್-ಫೋರ್ಟ್ ವರ್ತ್‌ನಲ್ಲಿ ಮೈನಸ್ 19 ಡಿಗ್ರಿ ದಾಖಲಾಯಿತು. ಹ್ಯೂಸ್ಟನ್ ಕಡೆಯ ಕರಾವಳಿ ತಗ್ಗುಗಳಲ್ಲಿ ಅಷ್ಟು ಚಳಿ ಇಲ್ಲ ಎನ್ನಬಹುದು. ಅಲ್ಲಿ ಬಸವನಹುಳುವಿನ ಮೂಲಕ ಹರಡುವ ಪಿತ್ತಜನಕಾಂಗದ ಚಪ್ಪಟೆ ಹುಳು ಇದೆ, ಚಳಿಗಾಲದ ಕೊನೆಯಿಂದ ಬೇಸಿಗೆಯ ಮೊದಲವರೆಗೆ ಅದರದ್ದೇ ಕಾಲ.

ನಮ್ಮ ನೆಲದ ದನ ಟೆಕ್ಸಾಸಿಗೆ ಹೊಸತಲ್ಲ ಎಂದು ಹೆಮ್ಮೆಪಡುವವರಿದ್ದಾರೆ. ನಿಜ, ಅಮೆರಿಕದ ಬ್ರಾಹ್ಮನ್ ತಳಿ ಕಟ್ಟುವಾಗ ಗಿರ್, ಕಾಂಕ್ರೇಜ್, ಓಂಗೋಲ್ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಸೇರಿತು. ಆದರೆ ಕೃಷ್ಣಾ ಕಣಿವೆಯದ್ದು ಎರೆ ಉಳಲು ಬೆಳೆಸಿದ ದೈತ್ಯ ಎತ್ತು. ಬ್ರಾಹ್ಮನ್ ಇಲ್ಲಿ ಗೆದ್ದದ್ದು ಸೆಕೆ ಮತ್ತು ಉಣ್ಣೆಹುಳುವಿನ ಎದುರು, ಹಸಿ ಚಳಿಯ ಎದುರಲ್ಲ. ಇರ್ವಿಂಗ್‌ನ ಲಾಸ್ ಕೋಲಿನಾಸ್ ಕೂಡ 1973ರಲ್ಲಿ ಬೆನ್ ಕಾರ್ಪೆಂಟರ್ ಬಡಾವಣೆ ಮಾಡಹೊರಡುವವರೆಗೆ ರ‍್ಯಾಂಚೇ ಆಗಿತ್ತಲ್ಲ ಎಂಬ ಮಾತೂ ಬರುತ್ತದೆ. ದೊಡ್ಡ ರ‍್ಯಾಂಚಿನಲ್ಲಿ ನೀರು ಬಂದಾಗ ದನ ಹತ್ತಿಸಲು ದಿಬ್ಬವಿರುತ್ತದೆ. ಹತ್ತೆಕರೆ ತಗ್ಗಿನಲ್ಲಿ ಏನಿದೆ?

ತೆರಿಗೆಗಾಗಿ ಚಳಿಗಾಲದಲ್ಲೂ ದನ ಅಲ್ಲೇ ಇರಬೇಕೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಎಲ್ಲರೂ ವಿನಾಯಿತಿ ಎನ್ನುವುದು ನಿಜವಾಗಿ ಇಳುವರಿಯ ಆಧಾರದ ಮೌಲ್ಯಮಾಪನ. ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷ ಕೃಷಿ ನಡೆದಿರಬೇಕು, ನಗರದ ಗಡಿಯೊಳಗೆ ನಿಯಮ ಇನ್ನೂ ಬಿಗಿ. ಹುಲ್ಲು ಬೆಳೆದು ಕೊಯ್ದು ಒಣಹುಲ್ಲು ಕಟ್ಟುವುದೂ ಕೃಷಿಯೇ. 5ರಿಂದ 20 ಎಕರೆಯಲ್ಲಿ ಜೇನು ಸಾಕಣೆಯೂ ಸಲ್ಲುತ್ತದೆ. ದನವೆಷ್ಟು, ಹುಲ್ಲೆಷ್ಟು ಎಂಬ ಅಳತೆ ಕೌಂಟಿಯಿಂದ ಕೌಂಟಿಗೆ ಬೇರೆ.

ಗಿಡ್ಡ ಹಸು ಸಾಕಬೇಡಿ ಎನ್ನುತ್ತಿಲ್ಲ. ಮಕ್ಕಳೂ ಹಿಡಿದು ಕಟ್ಟಬಹುದಾದ, ಕರು ಹಾಕಲು ತೊಂದರೆಪಡದ ಸಾಧು ಪ್ರಾಣಿ ಅದು. ಬೇಸಿಗೆಯಲ್ಲಿ ತಗ್ಗು ಗಟ್ಟಿಯಾದಾಗ ಮೇಯಿಸಿ, ಉಳಿದದ್ದನ್ನು ಕೊಯ್ದು ಒಣಗಿಸಿಡಿ. ನವೆಂಬರಿನಲ್ಲಿ ತಗ್ಗಿನ ಗೇಟು ಮುಚ್ಚಿ, ದನಕ್ಕೆ ಎತ್ತರದಲ್ಲಿ ಸೂರಿರುವ ಒಂದು ಒಣ ಕೊಟ್ಟಿಗೆ ಮಾಡಿ. ಅಂಥ ಎತ್ತರದ ಜಾಗ ಜಮೀನಿನಲ್ಲಿ ಇಲ್ಲವಾದರೆ ಚಳಿಗಾಲಕ್ಕೆ ದನ ಇಟ್ಟುಕೊಳ್ಳಬೇಡಿ. ಕೊಳ್ಳುವ ಮುನ್ನ ಒಮ್ಮೆ ಜನವರಿಯ ಮಳೆಯ ಮರುದಿನ ಹೋಗಿ ಆ ಹೊಲ ನೋಡಿ ಬನ್ನಿ, ನಿಮ್ಮ ಕೌಂಟಿಯ ಟೆಕ್ಸಾಸ್ ಎ ಆ್ಯಂಡ್ ಎಂ ಅಗ್ರಿಲೈಫ್ ವಿಸ್ತರಣಾ ಕಚೇರಿಯಲ್ಲಿ ಮಣ್ಣಿನ ಬಗ್ಗೆ ಕೇಳಿ.