ತಾನೇ ಕೂಗುವ ಪೆಡಲ್ಲು, ನಮ್ಮ ಸಭೆಯ ಮೈಕು

ಬೀದರ್ ಕಡೆಯ ಜಲ್ಸಾ, ಮುಶಾಯಿರಾ, ಕವ್ವಾಲಿ ಅಥವಾ ಭಜನೆಯ ಸಭೆಗಳಲ್ಲಿ ಕುಳಿತವರಿಗೆಲ್ಲ ಒಂದು ಶಬ್ದದ ಪರಿಚಯ ಇದ್ದೇ ಇರುತ್ತದೆ. ಮಾತನಾಡುವವರು ಬಾಯಿ ತೆರೆಯುವ ಮೊದಲೇ ಮೈಕು ‘ಕುಂಯ್’ ಎಂದು ಕೂಗುತ್ತದೆ. ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಾರೆ, ಹಿರಿಯರು ಮುಖ ಕಿವಿಚುತ್ತಾರೆ, ಮೈಕಿನ ಹುಡುಗ ಎದ್ದುಬಿದ್ದು ಓಡುತ್ತಾನೆ. ಭಾಲ್ಕಿ, ಔರಾದ್‌ಗಳಲ್ಲಿ ಇದನ್ನು ‘ಸೀಟಿ ಹೊಡೀತು’ ಎನ್ನುತ್ತಾರೆ. ನಾವೂ ಅದನ್ನು ಬರಿಯ ದೋಷವೆಂದೇ ತಿಳಿದಿದ್ದೆವು.

ಬೀದರ್ ನಗರದಲ್ಲಿರುವ ನಮ್ಮ ಸೋದರಳಿಯ ಒಂದು ದಿನ ಗಿಟಾರಿನ ಜೊತೆ ಅಂಗೈಯಗಲದ ತಗಡಿನ ಪೆಟ್ಟಿಗೆಯೊಂದನ್ನು ತಂದು ತೋರಿಸಿದ. ಫಝ್ ಪೆಡಲ್ ಅಂತೆ. ಗಿಟಾರಿನ ತಂತಿಯನ್ನು ಮುಟ್ಟದೆ, ಪೆಟ್ಟಿಗೆಯ ಗುಂಡಿಗಳನ್ನು ಕೂದಲೆಳೆಯಷ್ಟು ತಿರುಗಿಸಿದ. ಪೆಟ್ಟಿಗೆ ತಾನೇ ಕೂಗತೊಡಗಿತು. ಒಮ್ಮೆ ಜೀರುಂಡೆಯಂತೆ, ಒಮ್ಮೆ ಹಳೆಯ ರೇಡಿಯೋದಲ್ಲಿ ಸ್ಟೇಷನ್ ಹುಡುಕುವಾಗಿನ ಸಿಳ್ಳೆಯಂತೆ. “ಮಾಮೂ, ಇದು ಸಂಗೀತ ಹೌದೋ ಅಲ್ಲವೋ?” ಎಂದು ಕೇಳಿದ. ಆಗ ನಾವು ಉತ್ತರ ಕೊಡಲಿಲ್ಲ. ಈಗ ಪ್ರಯತ್ನಿಸುತ್ತೇವೆ.

ಮೊದಲು ಇದರ ಒಳಗುಟ್ಟು. ಫಝ್ ಪೆಡಲ್ ಗಿಟಾರಿನ ಸಣ್ಣ ವಿದ್ಯುತ್ ಅಲೆಯನ್ನು ಅದರ ನೆತ್ತಿ ಕತ್ತರಿಸಿ ಹೋಗುವಷ್ಟು ಹಿಗ್ಗಿಸುತ್ತದೆ. ದುಂಡಗಿದ್ದ ಅಲೆ ಚಪ್ಪಟೆಯಾಗಿ, ಸ್ವರ ಒರಟಾಗುತ್ತದೆ. ಹೀಗೆ ಹಿಗ್ಗಿದ ಶಬ್ದದ ಒಂದು ಪಾಲು ಹೇಗೋ ಹಿಂದಿರುಗಿ ಒಳಬಾಗಿಲಿಗೇ ಬಂದರೆ ಮತ್ತೆ ಹಿಗ್ಗುತ್ತದೆ, ಮತ್ತೆ ಹಿಂದಿರುಗುತ್ತದೆ. ಒಂದು ಸುತ್ತಿನಲ್ಲಿ ಕಳೆದುಹೋಗುವುದಕ್ಕಿಂತ ಗಳಿಕೆ ಹೆಚ್ಚಾಗಿ, ಅಲೆಯ ಹೆಜ್ಜೆಗೆ ಹೆಜ್ಜೆ ಕೂಡಿದಾಗ ಪೆಟ್ಟಿಗೆ ಯಾರ ಹಂಗೂ ಇಲ್ಲದೆ ಹಾಡುತ್ತದೆ. ಇದೇ ಸ್ವಯಂ ಆಂದೋಲನ. ಸಭೆಯ ಮೈಕಿನಲ್ಲೂ ಇದೇ ನಿಯಮ. ಅಲ್ಲಿ ಶಬ್ದ ಸ್ಪೀಕರಿನಿಂದ ಗಾಳಿಯ ದಾರಿ ಹಿಡಿದು ಮೈಕಿಗೆ ಮರಳುತ್ತದೆ, ಇಲ್ಲಿ ಪೆಟ್ಟಿಗೆಯ ಒಳಗಿನ ತಂತಿಯಲ್ಲೇ ಮರಳುತ್ತದೆ. ಅಮೆರಿಕದ ಝಾಕರಿ ವೆಕ್ಸ್ 1990ರ ದಶಕದಲ್ಲಿ ರೂಪಿಸಿದ ಫಝ್ ಫ್ಯಾಕ್ಟರಿ ಎಂಬ ಪೆಡಲ್ಲಿನಲ್ಲಿ ಐದು ಗುಂಡಿಗಳಿವೆ. ಸ್ಥಿರತೆಯ ಗುಂಡಿಯನ್ನು ಇಳಿಸಿದರೆ ಪೆಡಲ್ಲು ಕೂಗುತ್ತದೆ. ಆಮೇಲೆ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ತಿರುಗಿಸಿದರೂ ಕೂಗಿನ ಸ್ವರ ಏರಿಳಿಯುತ್ತದೆ, ಯಾಕೆಂದರೆ ಗಿಟಾರು ಕೂಡ ಆ ಸುತ್ತಿನ ಭಾಗವೇ.

ಫಝ್ ಹುಟ್ಟಿದ್ದೇ ಒಂದು ದೋಷದಿಂದ. ಮಾರ್ಟಿ ರಾಬಿನ್ಸ್ ಅವರ 1961ರ ಹಾಡೊಂದನ್ನು ನ್ಯಾಶ್‌ವಿಲ್‌ನಲ್ಲಿ ಮುದ್ರಿಸುವಾಗ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ವಾದ್ಯ ಗೊಗ್ಗರು ದನಿಯಲ್ಲಿ ಕೇಳಿಸಿತು. ಆ ತಪ್ಪನ್ನು ಅವರು ಅಳಿಸಲಿಲ್ಲ. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿಯನ್ನು ಬೇಕೆಂದಾಗ ಹೊರಡಿಸುವ ಉಪಕರಣ ಮಾಡಿದರು. 1962ರಲ್ಲಿ ಅದು ಮೇಸ್ಟ್ರೋ ಫಝ್-ಟೋನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಅದನ್ನು ಲೋಕಕ್ಕೆಲ್ಲ ಕೇಳಿಸಿತು.

ಒರಟು ದನಿ ನಮಗೇನೂ ಹೊಸದಲ್ಲ. ತಂಬೂರಿ ಮಾಡುವವರು ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದೆಳೆ ದಾರವನ್ನು ಸೇರಿಸಿ ಝೇಂಕಾರ ಬರಿಸುತ್ತಾರೆ. ಅದನ್ನು ಜವಾರಿ ಎನ್ನುತ್ತೇವೆ. ದಾರ ಸ್ವಲ್ಪ ಅತ್ತಿತ್ತ ಆದರೂ ಜೀವ ಹೋಗುತ್ತದೆ. ಅಂದರೆ ಶುದ್ಧ ಸ್ವರವೊಂದೇ ಸಂಗೀತ ಎಂದು ನಮ್ಮ ಹಿರಿಯರು ಎಂದೂ ತಿಳಿದಿರಲಿಲ್ಲ. ಹಾಗಾಗಿ ಸೋದರಳಿಯನ ಪೆಟ್ಟಿಗೆಯನ್ನು ‘ಗದ್ದಲ’ ಎಂದು ತಳ್ಳಿಹಾಕುವ ಅಧಿಕಾರ ನಮಗಿಲ್ಲ.

ಹಾಗಾದರೆ ಯಾವ ಕೂಗು ಸಂಗೀತ, ಯಾವುದು ಬರಿಯ ಕೂಗು? ಇದಕ್ಕೊಂದು ಅಳತೆಗೋಲು ನಮ್ಮ ಮನೆಯಲ್ಲೇ ಇದೆ. ಸಂಗೀತ ಹಲಾಲೋ ಹರಾಮೋ ಎಂಬ ಹಳೆಯ ವಾದವನ್ನು ಇಲ್ಲಿ ಎಳೆಯುವುದು ಬೇಡ. ಸಮಾವನ್ನು ಒಪ್ಪಿದ ಸೂಫಿಗಳು ಕೂಡ ಅದನ್ನು ಷರತ್ತಿಲ್ಲದೆ ಒಪ್ಪಲಿಲ್ಲ. ಬಗ್ದಾದಿನ ಜುನೈದರ ಹೆಸರಿನಲ್ಲಿ ಬಂದ, ಇಮಾಮ್ ಗಝಾಲಿಯವರು ‘ಇಹ್ಯಾ’ದಲ್ಲಿ ಚರ್ಚಿಸಿದ ಷರತ್ತುಗಳು ಮೂರು: ಜಮಾನ್, ಮಕಾನ್, ಇಖ್ವಾನ್. ಸರಿಯಾದ ಹೊತ್ತು, ಸರಿಯಾದ ಜಾಗ, ಸರಿಯಾದ ಸಂಗಡಿಗರು. ಗಮನಿಸಬೇಕಾದ ಸಂಗತಿಯೆಂದರೆ ಮೂರೂ ಕೇಳುವಿಕೆಗೆ ಸಂಬಂಧಿಸಿದವು. ಯಾವ ವಾದ್ಯ, ಯಾವ ಸ್ವರ ಎಂಬುದು ಇದರಲ್ಲಿಲ್ಲ.

ಈ ಕೋಲಿನಿಂದ ಅಳೆದು ನೋಡೋಣ. 1964ರಲ್ಲಿ ಬೀಟಲ್ಸ್ ತಂಡ ‘ಐ ಫೀಲ್ ಫೈನ್’ ಹಾಡಿನ ಆರಂಭದಲ್ಲಿ ಗಿಟಾರಿನ ಮರುಕೂಗನ್ನು ಕೆಲವೇ ಕ್ಷಣ ಇಟ್ಟಿತು. ಕುತೂಹಲ ಹುಟ್ಟುವಷ್ಟರಲ್ಲಿ ಹಾಡು ಶುರುವಾಗುತ್ತದೆ. ಹೊತ್ತಿನ ಅರಿವು ಅಲ್ಲಿದೆ. 1969ರ ಆಗಸ್ಟ್ 18ರ ಬೆಳಿಗ್ಗೆ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ತನ್ನ ದೇಶದ ರಾಷ್ಟ್ರಗೀತೆಯನ್ನು ಫಝ್ ಮತ್ತು ಮರುಕೂಗಿನಲ್ಲಿ ನುಡಿಸಿದ. ವಿಯೆಟ್ನಾಂ ಯುದ್ಧದ ದಿನಗಳವು. ಆ ಚೀತ್ಕಾರದಲ್ಲಿ ಬಾಂಬು ಬೀಳುವುದನ್ನು ಕೇಳಿಸಿಕೊಂಡವರು ಬಹಳ. ಅದೇ ಕೂಗು ಬೇರೆ ದಿನ, ಬೇರೆ ಜಾಗದಲ್ಲಿ ಆಗಿದ್ದರೆ ಬರಿಯ ಕಸರತ್ತಾಗುತ್ತಿತ್ತು. ಮೂರನೆಯದು ಲೂ ರೀಡ್ ಅವರ 1975ರ ‘ಮೆಟಲ್ ಮಷೀನ್ ಮ್ಯೂಸಿಕ್’. ಒಂದು ತಾಸಿಗೂ ಹೆಚ್ಚು ಹೊತ್ತು ಮರುಕೂಗು ಬಿಟ್ಟರೆ ಬೇರೇನೂ ಇಲ್ಲ. ಅದನ್ನು ಮಹತ್ವದ ಕೃತಿ ಎನ್ನುವವರಿದ್ದಾರೆ. ನಮಗೆ ಮಾತ್ರ ಅಲ್ಲಿ ಇಖ್ವಾನ್ ತಪ್ಪಿತು ಎನ್ನಿಸುತ್ತದೆ. ಹಾಡು ಬಯಸಿ ಬಂದವರ ಕೈಗೆ ಸೂಚನೆಯಿಲ್ಲದೆ ಕೂಗನ್ನು ಇತ್ತರೆ ಅವರು ಸಂಗಡಿಗರಾಗಿ ಉಳಿಯುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ನಮ್ಮ ವೇದಿಕೆಗಳಲ್ಲಿ ಮೈಕಿನ ಜೊತೆ ಎಕೋ ಯಂತ್ರ ಬಂದು ಬಹಳ ಕಾಲವಾಯಿತು. ಅದೂ ಶಬ್ದವನ್ನು ಸುತ್ತುಹಾಕಿಸುವ ಯಂತ್ರವೇ. ಗುಂಡಿಯನ್ನು ಮಿತಿಮೀರಿ ತಿರುಗಿಸಿದರೆ ಅದೂ ಪೆಡಲ್ಲಿನಂತೆ ತಾನೇ ಕೂಗತೊಡಗುತ್ತದೆ. ಬಹುಪಾಲು ಸಭೆಗಳಲ್ಲಿ ಗುಂಡಿ ಅದರ ಹತ್ತಿರದಲ್ಲೇ ಇರುತ್ತದೆ. ಮುಶಾಯಿರಾದಲ್ಲಿ ಶೇರ್ ಮನಸ್ಸಿಗೆ ತಟ್ಟಿದರೆ ಕೇಳುಗ ‘ಮುಕರ್ರರ್’ ಎಂದು ಕೇಳಿ ಮತ್ತೆ ಹೇಳಿಸುತ್ತಾನೆ. ಅದು ಕೇಳುಗನ ಹಕ್ಕು. ಎಕೋ ಯಂತ್ರವಾದರೋ ಯಾರೂ ಕೇಳದಿದ್ದರೂ ಪ್ರತಿ ಮಾತನ್ನೂ ಮುಕರ್ರರ್ ಮಾಡುತ್ತದೆ! ಒಂದು ಮಾತಿನ ಬಾಲ ಇನ್ನೊಂದರ ತಲೆಯ ಮೇಲೆ ಬಿದ್ದು ಎರಡೂ ತಿಳಿಯುವುದಿಲ್ಲ. ಭಾಲ್ಕಿಯ ಒಂದು ಸಭೆಯಲ್ಲಿ ಹೆಂಗಸರ ಪರದೆಯ ಕಡೆಯಿಂದ ಬಂದ ಹಿರಿಯಾಕೆಯೊಬ್ಬರು “ಆವಾಜ್ ತೋ ಬಹುತ್ ಆಯೀ, ಬಾತ್ ನಹೀ ಆಯೀ” ಎಂದರು. ದನಿ ಬಹಳ ಬಂತು, ಮಾತು ಬರಲಿಲ್ಲ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಬರೆಯಲಾರೆವು.

1472ರಲ್ಲಿ ಕಟ್ಟಿ ಮುಗಿದ ಮಹಮೂದ್ ಗವಾನರ ಮದ್ರಸಾ ಇರುವ ಊರು ನಮ್ಮದು. ಅಲ್ಲಿ ಪಾಠ ನಡೆದದ್ದು ಬರಿಗಂಟಲಲ್ಲಿ. ಕಲ್ಲಿನ ಕಟ್ಟಡದಲ್ಲಿ ಓದುವವನು ಗೋಡೆಯಿಂದ ಮರಳುವ ತನ್ನ ದನಿಯನ್ನು ಕೇಳಿಸಿಕೊಂಡು, ಅದಕ್ಕೆ ಜಾಗ ಬಿಟ್ಟು, ನಿಧಾನವಾಗಿ ಮುಂದುವರಿಯಬೇಕು. ಗಡಿಬಿಡಿ ಮಾಡಿದರೆ ಕಲ್ಲು ಒಪ್ಪುವುದಿಲ್ಲ. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಗೋರಿಯೆದುರು ಮುಸ್ಲಿಮರೂ ಲಿಂಗಾಯತರೂ ಒಟ್ಟಿಗೆ ನಿಲ್ಲುತ್ತಾರೆ. ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವಂತೆ ಇದ್ದರೆ ಮಾತ್ರ ಹಾಗೆ ನಿಲ್ಲಲು ಸಾಧ್ಯ. ಇಂದು ಒಂದು ಪ್ರಾರ್ಥನಾ ಮಂದಿರದ ಹಾರ್ನಿಗೆ ಇನ್ನೊಂದರ ಹಾರ್ನು ಉತ್ತರವಾಗುತ್ತಿರುವಾಗ ಅದು ಕೂಡ ಒಂದು ಬಗೆಯ ಸ್ವಯಂ ಆಂದೋಲನವೇ. ಇವರು ಹೆಚ್ಚಿಸಿದರೆಂದು ಅವರು, ಅವರು ಹೆಚ್ಚಿಸಿದರೆಂದು ಇವರು. ಸುತ್ತಿನಲ್ಲಿ ಬರಿಯ ಗಳಿಕೆಯೇ, ಕಳೆಯುವುದು ಏನೂ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕಿದ 2000ದ ಶಬ್ದಮಾಲಿನ್ಯ ನಿಯಮಗಳು ಹೊತ್ತನ್ನು ಹೇಳಬಲ್ಲವು. ಜಾಗ, ಸಂಗಡಿಗರ ವಿವೇಕವನ್ನು ನಾವೇ ತಂದುಕೊಳ್ಳಬೇಕು.

ನಿಜ ಹೇಳಬೇಕೆಂದರೆ, ಈ ವಿವೇಕವನ್ನು ನಾವು ಆ ಹುಡುಗನಲ್ಲಿ ಕಂಡೆವು. ಪೆಟ್ಟಿಗೆಯನ್ನು ಕೂಗಿಸುವ ಮೊದಲು ಆತ ಸ್ಪೀಕರಿನ ದನಿಯನ್ನು ಪೂರ್ತಿ ಇಳಿಸಿದ. ಈ ಕೂಗು ಹಠಾತ್ತನೆ ಏರಿ ಕಿವಿಗೂ ಸ್ಪೀಕರಿಗೂ ಪೆಟ್ಟು ಕೊಡಬಹುದಂತೆ. ಮಗ್ಗುಲು ಮನೆಯ ಮಗು ಮಲಗುವ ಹೊತ್ತು ಎಂದು ಕಿಟಕಿ ಮುಚ್ಚಿದ. ಆಮೇಲೆ ಕತ್ತು ಬಗ್ಗಿಸಿ, ಗುಂಡಿಯನ್ನು ತಿರುಗಿಸುತ್ತ, ಕೂಗು ಹುಟ್ಟುವುದಕ್ಕೂ ಸಾಯುವುದಕ್ಕೂ ನಡುವಿನ ತೆಳ್ಳನೆಯ ಗೆರೆಯನ್ನು ಹುಡುಕಿದ. ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಳ್ಳುವವರನ್ನು ನಾವು ಇತ್ತೀಚೆಗೆ ನೋಡಿರಲಿಲ್ಲ.

ಹೌದು ಬೇಟಾ, ಅದು ಸಂಗೀತವೇ. ಮುಂದಿನ ಜಲ್ಸಾದಲ್ಲಿ ಮೈಕಿನ ಗುಂಡಿಗಳ ಹತ್ತಿರ ನೀನೇ ಕೂರುವುದಾದರೆ ಇನ್ನೂ ಒಳ್ಳೆಯದು.