ಡಾನ್‌ನ ಕುರ್ಚಿ, ಸನ್ನಿಯ ಮುಷ್ಟಿ

1972ರ ‘ದಿ ಗಾಡ್‌ಫಾದರ್’ ಚಿತ್ರದಲ್ಲಿ ಮನಸ್ಸಿನಲ್ಲಿ ಉಳಿಯುವಂಥ ಬರಿಗೈ ಹೊಡೆದಾಟ ಒಂದೇ. ತಂಗಿ ಕಾನಿಯ ಮೇಲೆ ಕೈಮಾಡಿದ ಅವಳ ಗಂಡ ಕಾರ್ಲೊನನ್ನು ಸನ್ನಿ ಕಾರ್ಲಿಯೋನಿ ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ ಗುದ್ದುತ್ತಾನೆ, ಒದೆಯುತ್ತಾನೆ, ಕಸದ ಡಬ್ಬಿಯ ಮುಚ್ಚಳ ಎತ್ತಿ ಜಪ್ಪುತ್ತಾನೆ. ಸನ್ನಿಯ ಪಾತ್ರದಲ್ಲಿ ಜೇಮ್ಸ್ ಕಾನ್ ತೋರಿಸುವ ಆ ಸಿಟ್ಟು ನೋಡುವವರಿಗೆ ಹಿತವಾಗಿಯೇ ಇರುತ್ತದೆ. ಆದರೆ ಚಿತ್ರದ ಲೆಕ್ಕವೇ ಬೇರೆ. ಶತ್ರುಗಳು ಅದೇ ಸಿಟ್ಟನ್ನು ಗಾಳವಾಗಿ ಬಳಸಿ ಅವನನ್ನು ಟೋಲ್ ಗೇಟಿನವರೆಗೆ ಎಳೆದು ತಂದು ಗುಂಡಿನ ಮಳೆಗರೆಯುತ್ತಾರೆ. ಕೈ ತಡೆಯಲಾರದ ಮಗ ಸಾಯುತ್ತಾನೆ. ದನಿ ಏರಿಸದೆ ಮಾತಾಡುವ ಮಗ ಮೈಕೆಲ್ ಅಪ್ಪ ಡಾನ್ ವೀಟೊನ ಕುರ್ಚಿಯಲ್ಲಿ ಕೂರುತ್ತಾನೆ.

ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2007ರ ಮಾರ್ಚ್‌ನಲ್ಲಿ ನಿಂಟೆಂಡೊದ ‘ವೀ’ ಕನ್ಸೋಲಿಗಾಗಿ ತಂದ ‘ದಿ ಗಾಡ್‌ಫಾದರ್: ಬ್ಲ್ಯಾಕ್‌ಹ್ಯಾಂಡ್ ಎಡಿಷನ್’ ಆ ಕುರ್ಚಿಯ ಆಸೆ ತೋರಿಸಿ ಆಟಗಾರನ ಕೈಗೆ ಸನ್ನಿಯ ಮುಷ್ಟಿ ಕೊಡುತ್ತದೆ. ಮೂಲ ಆಟ ಬಂದಿದ್ದು ಹಿಂದಿನ ವರ್ಷ, ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ. ಆಮೇಲೆ ಬಂದ ರೂಪಗಳಲ್ಲಿ ಕೈಗೆ ಅತ್ಯಂತ ರುಚಿಸುವುದು ಈ ವೀ ಆವೃತ್ತಿಯೇ, ಅದರಲ್ಲಿ ಅನುಮಾನವಿಲ್ಲ. ಆಟ ಸಿನಿಮಾವನ್ನು ಎಲ್ಲಿ ತಪ್ಪಾಗಿ ಓದಿಕೊಂಡಿದೆ ಎಂಬುದು ಎದ್ದು ಕಾಣುವುದೂ ಇದರಲ್ಲೇ.

ಕಥೆಯ ನಾಯಕ ಆಲ್ಡೊ ಟ್ರಪಾನಿ. 1936ರಲ್ಲಿ ಎದುರಾಳಿ ಡಾನ್ ಬಾರ್ಜಿನಿಯ ಕಡೆಯವರು ಅವನ ಅಪ್ಪನನ್ನು ಕೊಲ್ಲುತ್ತಾರೆ. 1945ರಲ್ಲಿ, ಕಾನಿಯ ಮದುವೆಯ ದಿನ, ದಾರಿ ತಪ್ಪುತ್ತಿರುವ ಮಗನನ್ನು ಕಾಪಾಡಿ ಎಂದು ಅವನ ತಾಯಿ ಡಾನ್ ವೀಟೊನನ್ನು ಕೇಳಿಕೊಳ್ಳುತ್ತಾಳೆ. ಡಾನ್ ಅವನನ್ನು ತನ್ನ ಬಂಟ ಲೂಕಾ ಬ್ರಾಸಿಗೆ ಒಪ್ಪಿಸುತ್ತಾನೆ. ಅಲ್ಲಿಂದ ಲಿಟಲ್ ಇಟಲಿ, ಬ್ರೂಕ್ಲಿನ್, ಹೆಲ್ಸ್ ಕಿಚನ್, ನ್ಯೂ ಜೆರ್ಸಿ ಸುತ್ತುತ್ತ, ಎದುರಾಳಿ ನಾಲ್ಕು ಮಾಫಿಯಾ ಕುಟುಂಬಗಳ ಅಂಗಡಿ, ಗೋದಾಮುಗಳನ್ನು ಒಂದೊಂದಾಗಿ ಕಿತ್ತುಕೊಳ್ಳುವುದೇ ಆಟ.

ವೀ ಕನ್ಸೋಲಿನ ಸೊಗಸು ಅದರ ಕಂಟ್ರೋಲರಿನಲ್ಲಿತ್ತು. ಬಲಗೈಗೆ ಟಿವಿ ರಿಮೋಟಿನಂಥ ಕಡ್ಡಿ, ಎಡಗೈಗೆ ವೈರಿನಿಂದ ಅದಕ್ಕೆ ಜೋಡಿಸಿದ ನಂಚಕ್. ಎರಡರಲ್ಲೂ ಕೈಯ ವೇಗ ಎಷ್ಟು ಬದಲಾಯಿತು ಎಂದು ಅಳೆಯುವ ಅಕ್ಸೆಲರೋಮೀಟರ್ ಇತ್ತು. ಟಿವಿಯ ಬಳಿ ಇಡುವ ಪಟ್ಟಿಯಿಂದ ಬರುವ ಇನ್‌ಫ್ರಾರೆಡ್ ಬೆಳಕನ್ನು ರಿಮೋಟಿನ ಮೂತಿಯಲ್ಲಿದ್ದ ಪುಟ್ಟ ಕ್ಯಾಮೆರಾ ನೋಡಿ, ಆಟಗಾರ ತೆರೆಯ ಮೇಲೆ ಎಲ್ಲಿಗೆ ಗುರಿ ಹಿಡಿದಿದ್ದಾನೆಂದು ಲೆಕ್ಕ ಹಾಕುತ್ತಿತ್ತು. ಕನ್ಸೋಲ್ ಬಿಡುಗಡೆಯಾದದ್ದು 2006ರ ನವೆಂಬರಿನಲ್ಲಿ. ಜನ ಎಷ್ಟು ಹುಮ್ಮಸ್ಸಿನಿಂದ ಕೈ ಬೀಸಿದರೆಂದರೆ ರಿಮೋಟು ಜಾರಿ ಹಾರುವುದು ಸುದ್ದಿಯಾಗಿ, ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡುತ್ತೇವೆಂದು ನಿಂಟೆಂಡೊ ಮರುತಿಂಗಳೇ ಘೋಷಿಸಬೇಕಾಯಿತು. ಬದಲಿಸಲು ಹೊರಟ ಪಟ್ಟಿಗಳ ಸಂಖ್ಯೆ ಸುಮಾರು 32 ಲಕ್ಷ.

ಅಂಥ ಯಂತ್ರಕ್ಕೆ ಈ ಆಟ ಹೇಳಿ ಮಾಡಿಸಿದಂತಿತ್ತು. ಮೂಲ ಆಟದಲ್ಲೇ ಹೊಡೆದಾಟಕ್ಕೆ ‘ಬ್ಲ್ಯಾಕ್‌ಹ್ಯಾಂಡ್’ ಎಂಬ ವ್ಯವಸ್ಥೆಯಿತ್ತು. ಬಲಹೆಬ್ಬೆರಳಿನ ಸ್ಟಿಕ್ ತಳ್ಳಿದ ದಿಕ್ಕಿಗೆ ಗುದ್ದು ಬೀಳುತ್ತಿತ್ತು. ವೀಯಲ್ಲಿ ಹೆಬ್ಬೆರಳಿಗೆ ಆ ಕೆಲಸ ತಪ್ಪಿತು. ನಂಚಕ್ ಬೀಸಿದರೆ ಎಡಗೈಯ ಗುದ್ದು, ರಿಮೋಟ್ ಬೀಸಿದರೆ ಬಲಗೈಯದು. ಎದುರಾಳಿಯ ಕಾಲರ್ ಹಿಡಿದ ಮೇಲೆ ಕೈ ಎಳೆದ ಕಡೆ ಅವನೂ ಬರುತ್ತಾನೆ. ಗೋಡೆಗೆ ಅಪ್ಪಳಿಸಬಹುದು, ಕೌಂಟರಿನ ಮೇಲೆ ಕೆಡವಬಹುದು, ಕುತ್ತಿಗೆ ಹಿಸುಕಬಹುದು. ಬಂದೂಕಿಗೂ ಇದೇ ಕಡ್ಡಿ ಸಲೀಸು. ಮಂಡಿಗೋ ಮೊಣಕೈಗೋ ಗುರಿಯಿಟ್ಟು ಎದುರಾಳಿಯನ್ನು ಕೊಲ್ಲದೆ ಕುಕ್ಕರಿಸುವುದು ಸ್ಟಿಕ್ಕಿಗಿಂತ ಇಲ್ಲಿ ಸರಾಗ. ಕನ್ಸೋಲಿನ ಜೊತೆಗೇ ಅಮೆರಿಕದಲ್ಲಿ ಸಿಗುತ್ತಿದ್ದ ‘ವೀ ಸ್ಪೋರ್ಟ್ಸ್’ನ ಬಾಕ್ಸಿಂಗ್ ಆಡಿ, ಕೈ ಬೀಸಿದ್ದಕ್ಕೂ ತೆರೆಯ ಮೇಲೆ ಆದದ್ದಕ್ಕೂ ತಾಳೆಯಾಗದೆ ಬೇಸತ್ತವರಿಗೆ ಈ ಹೊಡೆದಾಟ ದೊಡ್ಡ ಸಮಾಧಾನ. ತೆರೆಯ ಮೇಲಿನ ಚಿತ್ರಗಳು ಹಳೆಯ ಪ್ಲೇಸ್ಟೇಷನ್ 2ರ ಕಾಲದವೇ. ಕೈಗೆ ಕೆಲಸ ಸಿಕ್ಕಾಗ ಕಣ್ಣು ಅಷ್ಟು ತಕರಾರು ಮಾಡುವುದಿಲ್ಲ.

ಆದರೆ ಅಕ್ಸೆಲರೋಮೀಟರ್ ಒಂದರಿಂದಲೇ ಕೈ ಎಲ್ಲಿದೆ, ಹೇಗೆ ತಿರುಗಿದೆ ಎಂದು ಖಚಿತವಾಗಿ ತಿಳಿಯುವುದಿಲ್ಲ. ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ವೀಗೆ ಸೇರಿದ್ದು 2009ರಲ್ಲಿ, ‘ಮೋಷನ್ ಪ್ಲಸ್’ ಎಂಬ ಪ್ರತ್ಯೇಕ ತುಣುಕಾಗಿ. ಹಾಗಾಗಿ ಎದ್ದು ನಿಂತು ಭುಜದಿಂದ ಬೀಸಿದ ಗುದ್ದಿಗೂ ಸೋಫಾದಲ್ಲಿ ಒರಗಿ ಮಣಿಕಟ್ಟು ಕೊಡವಿದ ಗುದ್ದಿಗೂ ಯಂತ್ರದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಮೊದಲ ಸಂಜೆ ರಿಂಗಿಗಿಳಿದ ಬಾಕ್ಸರನಂತೆ ಆಡಿದವನು ವಾರ ಕಳೆಯುವಷ್ಟರಲ್ಲಿ ಸೊಳ್ಳೆ ಓಡಿಸುವವನಂತೆ ಆಡುತ್ತಿರುತ್ತಾನೆ.

ಈ ಮೊಂಡುತನ ಹೆಚ್ಚು ಕಾಡುವುದು ಹಫ್ತಾ ವಸೂಲಿಯಲ್ಲಿ. ಆಟದಲ್ಲಿ ನಿಜವಾದ ಬುದ್ಧಿ ಖರ್ಚಾಗಿರುವ ಭಾಗವೂ ಅದೇ. ಬೇಕರಿ, ಕಟುಕನ ಅಂಗಡಿ, ಕ್ಷೌರದಂಗಡಿ, ಹೂವಿನಂಗಡಿ, ಎಲ್ಲಿಗೆ ಹೋದರೂ ಮಾಲೀಕನ ಭಯವನ್ನು ತೋರಿಸುವ ಒಂದು ಪಟ್ಟಿ ತೆರೆಯ ಮೇಲೆ ಏರುತ್ತದೆ. ಒಂದು ಗೆರೆ ದಾಟಿದರೆ ಅವನು ಒಪ್ಪುತ್ತಾನೆ. ಇನ್ನಷ್ಟು ಹೆದರಿಸಿದರೆ ಹೆಚ್ಚು ಹಣ ಒಪ್ಪುತ್ತಾನೆ. ಕೆಂಪು ಗೆರೆ ಮುಟ್ಟಿದರೆ ಮಾತ್ರ ತಿರುಗಿ ಬೀಳುತ್ತಾನೆ. ಒಬ್ಬೊಬ್ಬರಿಗೂ ಒಂದೊಂದು ದೌರ್ಬಲ್ಯವಿದೆ. ಒಬ್ಬನಿಗೆ ಅಂಗಡಿಯ ಸಾಮಾನು ಒಡೆದರೆ ಜೀವ ಹೋಗುತ್ತದೆ, ಇನ್ನೊಬ್ಬನಿಗೆ ಗಿರಾಕಿಯ ಮೇಲೆ ಕೈಮಾಡಿದರೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕೈಗೆ ಕಲಿಸಲು ಹೊರಟ ಆಟ ಇದು. ಕೈಯ ಚಲನೆಯನ್ನೇ ಭಾಷೆಯಾಗಿಸಿಕೊಂಡ ಕನ್ಸೋಲಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬರಲಾರದು. ಮೆಲ್ಲಗೆ ಹೆಗಲ ಮೇಲೆ ಕೈಯಿಟ್ಟು ಹೆದರಿಸುವುದು, ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕಾಯಿಸುವುದು, ಹೀಗೆ ಎಷ್ಟೋ ಮಾಡಬಹುದಿತ್ತು. ಆಟಕ್ಕೆ ಅರ್ಥವಾಗುವುದು ಬೀಸು ಮಾತ್ರ. ನಿಲ್ಲಿಸುವುದೆಂದರೆ ಬೀಸದೆ ಇರುವುದು, ಅಷ್ಟೆ.

ಸಿನಿಮಾಗಳಲ್ಲಿ ಇದೇ ಸಂಗತಿ ಹೇಗೆ ನಡೆಯುತ್ತದೆಂದು ನೋಡಿದರೆ ಅಂತರ ತಿಳಿಯುತ್ತದೆ. 1974ರ ಎರಡನೆಯ ಭಾಗದಲ್ಲಿ, ಬಡ ವಿಧವೆಯೊಬ್ಬಳನ್ನು ಮನೆ ಬಿಡಿಸಬೇಡ ಎಂದು ಯುವಕ ವೀಟೊ ಕೇಳಿಕೊಂಡಾಗ ಮನೆಮಾಲೀಕ ರೊಬೆರ್ಟೊ ಬೀದಿಯಲ್ಲೇ ರೇಗಾಡುತ್ತಾನೆ. ವೀಟೊ ಯಾರೆಂದು ಕೇರಿಯಲ್ಲಿ ವಿಚಾರಿಸಿದ ಮೇಲೆ ತಾನಾಗಿಯೇ ಓಡಿಬಂದು ಬಾಡಿಗೆ ಇಳಿಸುತ್ತಾನೆ, ಮತ್ತೂ ಇಳಿಸುತ್ತಾನೆ, ಹೊರಡುವ ಅವಸರದಲ್ಲಿ ಬಾಗಿಲು ತೆಗೆಯಲೂ ತಡವರಿಸುತ್ತಾನೆ. ಅವನನ್ನು ಯಾರೂ ಮುಟ್ಟಿಲ್ಲ. ಥಿಯೇಟರಿನಲ್ಲಿ ನಗು ಬರಿಸುವ ಆ ದೃಶ್ಯದಲ್ಲಿರುವಷ್ಟು ಭಯ ಬ್ಲ್ಯಾಕ್‌ಹ್ಯಾಂಡಿನ ನೂರು ಒಡೆದ ಗಾಜಿನಲ್ಲಿಲ್ಲ.

ಮೊದಲ ಚಿತ್ರದ ಪ್ರಸಿದ್ಧ ಘಟನೆಗಳನ್ನು ಆಟ ಹಿಂಬಾಗಿಲಿನಿಂದ ಹೊಕ್ಕು ತೋರಿಸುತ್ತದೆ. ರೆಸ್ಟೊರೆಂಟಿನ ಶೌಚಾಲಯದಲ್ಲಿ ಮೈಕೆಲ್‌ಗಾಗಿ ಪಿಸ್ತೂಲು ಅಡಗಿಸುವುದು ಆಟಗಾರನ ಪಾಲಿನ ಕೆಲಸ, ಚಿತ್ರ ನಿರ್ಮಾಪಕ ವೋಲ್ಟ್ಸ್‌ನ ಹಾಸಿಗೆಗೆ ಕುದುರೆಯ ತಲೆ ತಲುಪಿಸುವುದೂ ಅವನದೇ. ಪಿಸ್ತೂಲಿನ ಪ್ರಸಂಗ ಒಳ್ಳೆಯ ಹೊಳಹು. ಚಿತ್ರ ಹೇಳದೆ ಬಿಟ್ಟ ಸಂದಿಯಲ್ಲಿ ಆಟಗಾರನಿಗೆ ಜಾಗ ಸಿಕ್ಕಿದೆ. ಕುದುರೆಯ ತಲೆಯದು ಹಾಗಲ್ಲ. ಅದು ಹಾಸಿಗೆಗೆ ಹೇಗೆ ಬಂತೆಂದು ತೋರಿಸದೆ ಇದ್ದದ್ದರಿಂದಲೇ ಆ ಬೆಳಗಿನ ಚೀರಾಟ ಎದೆ ನಡುಗಿಸಿತ್ತು. ದಾರಿಯನ್ನೆಲ್ಲ ನಡೆಸಿ ತೋರಿಸಿದರೆ ಉಳಿಯುವುದು ಕಾವಲುಗಾರರ ಕಣ್ತಪ್ಪಿಸುವ ಕಸರತ್ತು.

ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ 2005ರಲ್ಲೇ, ತನ್ನನ್ನು ಕೇಳದೆ ಈ ಆಟ ಮಾಡುತ್ತಿದ್ದಾರೆಂದು ಬಹಿರಂಗವಾಗಿ ಸಿಡುಕಿದ್ದರು. ಪರಿಚಿತ ಪಾತ್ರಗಳನ್ನು ಎದುರಿಗಿಟ್ಟು ಉಳಿದ ಹೊತ್ತೆಲ್ಲ ಕೊಲ್ಲುವುದೇ ಆಗಿದೆ ಎಂಬುದು ಅವರ ಆಕ್ಷೇಪದ ಸಾರ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಜೇಮ್ಸ್ ಕಾನ್, ರಾಬರ್ಟ್ ಡುವಾಲ್, ಏಬ್ ವಿಗೋಡಾ ಆಟಕ್ಕೆ ದನಿ ಕೊಟ್ಟರು. ವೀಟೊ ಆಗಿದ್ದ ಮಾರ್ಲನ್ ಬ್ರಾಂಡೊ 2004ರ ಜುಲೈನಲ್ಲಿ ತೀರಿಕೊಳ್ಳುವ ಮುನ್ನ ಮಾತು ಮುದ್ರಿಸಿದ್ದರು. ಅನಾರೋಗ್ಯದ ಉಸಿರಾಟದಿಂದಾಗಿ ಅದರಲ್ಲಿ ಬಹುಪಾಲು ಬಳಕೆಗೆ ಬರಲಿಲ್ಲ. ಚಿತ್ರದ ಮೈಕೆಲ್ ಆಗಿದ್ದ ಅಲ್ ಪಚಿನೊ ಅವರ ಮುಖವೂ ಇಲ್ಲ, ದನಿಯೂ ಇಲ್ಲ. ಆಟದ ಮೈಕೆಲ್ ಯಾರೋ ದೂರದ ಸಂಬಂಧಿಯಂತೆ ಕಾಣುತ್ತಾನೆ. ಕಥೆಯ ಕೇಂದ್ರದಲ್ಲಿರಬೇಕಾದ, ಮಾತಿಗಿಂತ ಮೌನದಿಂದ ಹೆದರಿಸುವ ಮನುಷ್ಯನೇ ಇಲ್ಲಿ ಪೇಲವ. ಸನ್ನಿಗಾದರೋ ಸ್ವಂತ ಮುಖ, ಸ್ವಂತ ದನಿ ಎರಡೂ ಇವೆ.

ಕೈ ಬೀಸಿ ಕೊಲ್ಲಿಸುವ ಆಟಗಳು ಹಿಂಸೆಯ ತರಬೇತಿಯೇ ಎಂಬ ಗದ್ದಲ ವೀ ಆವೃತ್ತಿ ಬಂದ ವರ್ಷ ಜೋರಾಗಿತ್ತು. 2007ರ ಜೂನ್‌ನಲ್ಲಿ ಬ್ರಿಟನ್ನಿನ ಸೆನ್ಸಾರ್ ಮಂಡಳಿ ‘ಮ್ಯಾನ್‌ಹಂಟ್ 2’ ಆಟಕ್ಕೆ ಪ್ರಮಾಣಪತ್ರವನ್ನೇ ನಿರಾಕರಿಸಿತು. ಅದಕ್ಕೂ ವೀ ಆವೃತ್ತಿಯೊಂದು ಸಿದ್ಧವಾಗುತ್ತಿತ್ತು. ಬ್ಲ್ಯಾಕ್‌ಹ್ಯಾಂಡ್ ಮೇಲೆ ಅಂಥ ಬಿರುಗಾಳಿ ಏಳಲಿಲ್ಲ. ಗಾಡ್‌ಫಾದರ್ ಎಂಬ ಹೆಸರಿನ ಗೌರವ ಅದನ್ನು ಕಾಪಾಡಿತೇನೋ! ಮಣಿಕಟ್ಟು ಕೊಡವಿದವರೆಲ್ಲ ರೌಡಿಗಳಾಗುತ್ತಾರೆಂಬ ಭಯಕ್ಕಿಂತ, ಹತ್ತನೆಯ ಬೇಕರಿಯಲ್ಲೂ ಮೊದಲನೆಯದರ ಒಳಾಂಗಣವನ್ನೇ ಕಂಡು ಆಕಳಿಸುತ್ತಾರೆಂಬ ಭಯ ಹೆಚ್ಚು ವಾಸ್ತವ. ಅಂಗಡಿಗಳ ನಕಲು ಈ ಆಟದ ದೊಡ್ಡ ಸೋಮಾರಿತನ.

ಡಾನ್‌ಗೆ ಒಪ್ಪುವ ಕೆಲಸಗಳು ಆಟದಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಪೊಲೀಸರ ಕೈ ಬಿಸಿ ಮಾಡಬಹುದು. ಕುಟುಂಬಗಳ ನಡುವೆ ಯುದ್ಧ ಹೊತ್ತಿಕೊಂಡರೆ ಎಫ್‌ಬಿಐ ಏಜೆಂಟನಿಗೆ ಲಂಚ ಕೊಟ್ಟು ಆರಿಸಬಹುದು. ಆದರೆ ಅದೆಲ್ಲ ಒಂದು ಗುಂಡಿ ಒತ್ತಿ ಮುಗಿಸುವ ವ್ಯವಹಾರ. 2009ರಲ್ಲಿ ಬಂದ ಎರಡನೆಯ ಆಟದಲ್ಲಿ ಇದೇ ಕಂಪನಿ ‘ಡಾನ್ಸ್ ವ್ಯೂ’ ಎಂಬ ನಕಾಶೆ ತಂದಿತು. ಇಡೀ ನಗರವನ್ನು ಮೇಲಿನಿಂದ ನೋಡುತ್ತ, ಯಾವ ಅಂಗಡಿಗೆ ಯಾರನ್ನು ಕಳಿಸಬೇಕೆಂದು ಕೂತಲ್ಲೇ ಆಜ್ಞೆ ಕೊಡುವ ಏರ್ಪಾಡು ಅದು. ಬೆರಳು ತೋರಿಸಿದಂತೆ ತೆರೆಯ ಮೇಲೆ ಗುರಿ ಹಿಡಿಯಲು ಬರುವ ರಿಮೋಟಿಗೆ ಇದಕ್ಕಿಂತ ಒಗ್ಗುವ ಕೆಲಸ ಇನ್ನೊಂದಿರಲಿಲ್ಲ. ಆದರೆ ಆ ಆಟ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360 ಮತ್ತು ಪಿಸಿಗೆ ಬಂತು, ವೀಗೆ ಬರಲೇ ಇಲ್ಲ.